ಸೆರೆಮನೆಗೆ ಬಂದ ಮಗಳು

ಈ ಸಲದ ಇತಿಹಾಸದ ಪುಟದಲ್ಲಿ ಸ್ವಲ್ಪ ದೂರ ಹೋಗೋಣ, ಲಂಡನ್ನಿನ ಟವರ್ ಕೋಟೆಯ ಸೆರೆಮನೆಗೆ. ಕಾಲ 1534. ಒಳಗಿರುವ ಕೈದಿ ಸರ್ ಥಾಮಸ್ ಮೋರ್, 'ಯುಟೋಪಿಯಾ' ಬರೆದವನು. ಎರಡು ವರ್ಷದ ಹಿಂದಿನವರೆಗೂ ಇಂಗ್ಲೆಂಡಿನ ಲಾರ್ಡ್ ಚಾನ್ಸಲರ್ ಆಗಿದ್ದವನು. 1966ರಲ್ಲಿ ಬಂದ 'ಎ ಮ್ಯಾನ್ ಫಾರ್ ಆಲ್ ಸೀಸನ್ಸ್' ಸಿನಿಮಾ ನೋಡಿದವರಿಗೆ ಹೆಸರು ನೆನಪಿರಬಹುದು.

ರಾಜ ಎಂಟನೇ ಹೆನ್ರಿ ಮೊದಲ ಹೆಂಡತಿಯನ್ನು ಬಿಟ್ಟು ಆನ್ ಬೊಲಿನ್‌ಳನ್ನು ಮದುವೆಯಾಗಿದ್ದ. ಪೋಪ್ ಒಪ್ಪಲಿಲ್ಲ. ಪೋಪರ ಅಧಿಕಾರವೇ ಬೇಡ ಎಂದ ರಾಜ, 1534ರಲ್ಲಿ ಕಾನೂನು ತಂದು ಪ್ರಜೆಗಳೆಲ್ಲ ಪ್ರಮಾಣ ಮಾಡಬೇಕೆಂದು ಹೇಳಿದ. ಏಪ್ರಿಲ್ 13ರಂದು ಮೋರ್‌ಗೆ ಕರೆ ಬಂತು. ಆನ್‌ಳ ಮಕ್ಕಳಿಗೆ ಪಟ್ಟ ಸಲ್ಲುವುದಕ್ಕೆ ಅವನ ತಕರಾರು ಇರಲಿಲ್ಲ. ಆದರೆ ಆ ಪ್ರಮಾಣದ ಮಾತುಗಳನ್ನು ಆಡಿದರೆ ದೇವರ ಮುಂದೆ ತನ್ನ ಆತ್ಮಕ್ಕೆ ಉಳಿವಿಲ್ಲ ಎಂದ. ಕಾರಣ ಮಾತ್ರ ಬಾಯಿ ಬಿಡಲಿಲ್ಲ. ನಾಲ್ಕು ದಿನಕ್ಕೆ ಅವನನ್ನು ಟವರಿಗೆ ಹಾಕಿದರು.

ರಾಜನ ಕಡೆಯವರು ಕೇಳಿದ ಪ್ರಶ್ನೆಗಳಿಗೆ ಈ ವಕೀಲ ಸುಲಭವಾಗಿ ಸಿಗುವವನಲ್ಲ. ಅವನನ್ನು ನಿಜವಾಗಿ ಅಲ್ಲಾಡಿಸಿದ್ದು ಮನೆಯವರು.

ಮಾರ್ಗರೆಟ್ ಅವನ ಹಿರಿಯ ಮಗಳು, ಮನೆಯಲ್ಲಿ ಮೆಗ್. ಹೆಣ್ಣುಮಕ್ಕಳಿಗೆ ಓದೇಕೆ ಎನ್ನುತ್ತಿದ್ದ ಕಾಲದಲ್ಲಿ ಅವಳಿಗೆ ಲ್ಯಾಟಿನ್, ಗ್ರೀಕ್ ಎರಡನ್ನೂ ಕಲಿಸಿದ್ದ. ಎರಾಸ್ಮಸ್‌ನ ಕೃತಿಯೊಂದನ್ನು ಅವಳು ಇಂಗ್ಲಿಷಿಗೆ ತಂದಿದ್ದಳು. ಅಪ್ಪನ ಜೀವವೇ ಅವಳು. ಅಂಥ ಮಗಳಿಂದ ಮೇ ತಿಂಗಳ ಹೊತ್ತಿಗೆ ಪತ್ರ ಬಂತು: ಪ್ರಮಾಣ ಮಾಡಿಬಿಡಿ ಅಪ್ಪಾ, ಎಂಬ ಅರ್ಥದ್ದು. ತನಗೆ ಬರಲಿರುವ ಯಾವ ಭಯಂಕರ ಸಂಗತಿಯೂ ನೀನು ಹೀಗೆ ಒತ್ತಾಯಿಸಿದಷ್ಟು ನೋವು ಕೊಟ್ಟಿಲ್ಲ ಎಂದು ಅವನು ಉತ್ತರ ಬರೆದ. 1557ರಲ್ಲಿ ಮೋರ್‌ನ ಬರಹಗಳನ್ನು ಅಚ್ಚು ಹಾಕಿಸಿದ ಅವನ ಸೋದರಳಿಯ ವಿಲಿಯಂ ರಾಸ್ಟೆಲ್ ಇದಕ್ಕೆ ಬೇರೆ ಕಾರಣ ಕೊಡುತ್ತಾನೆ. ಮಂತ್ರಿ ಕ್ರಾಮ್‌ವೆಲ್‌ನ ನಂಬಿಕೆ ಗಳಿಸಿ ಅಪ್ಪನನ್ನು ನೋಡಲು ಪರವಾನಗಿ ಪಡೆಯಲು ಅವಳು ಹಾಗೆ ಬರೆದಿರಬಹುದಂತೆ. ಇರಬಹುದು. ಪರವಾನಗಿ ಸಿಕ್ಕಿದ್ದಂತೂ ನಿಜ. ಆದರೆ ಒಳಗೆ ಹೋದ ಮೇಲೂ ಅವಳು ವಾದ ಬಿಡಲಿಲ್ಲ.

ಆ ಮಾತುಕತೆ ಆಗಸ್ಟ್ 1534ರ ಒಂದು ಉದ್ದನೆಯ ಪತ್ರದಲ್ಲಿ ಉಳಿದಿದೆ. ಮಗಳು ಬರೆದದ್ದೋ, ಅವಳ ಹೆಸರಿನಲ್ಲಿ ಅಪ್ಪನೇ ಬರೆದದ್ದೋ ಎಂದು ವಿದ್ವಾಂಸರು ಈಗಲೂ ಚರ್ಚಿಸುತ್ತಾರೆ. ಇಬ್ಬರೂ ಕೂತು ಬರೆದರು ಎಂದುಕೊಳ್ಳುವುದು ನನಗಿಷ್ಟ. ದೊಡ್ಡ ದೊಡ್ಡ ಬಿಷಪ್ಪರು, ಪಂಡಿತರು ಎಲ್ಲ ಪ್ರಮಾಣ ಮಾಡಿದ್ದಾರಲ್ಲ, ನೀವೊಬ್ಬರೇ ಏಕೆ ಎಂದು ಅವಳ ಪ್ರಶ್ನೆ. ಅದಕ್ಕೆ ಅಪ್ಪ ಒಂದು ಕಥೆ ಹೇಳುತ್ತಾನೆ. ಹನ್ನೆರಡು ಜನ ಜ್ಯೂರಿಗಳಲ್ಲಿ ಹನ್ನೊಂದು ಮಂದಿ ಒಂದೇ ಸೀಮೆಯವರು, ಒಂದೇ ಮಾತಿನವರು. ಹನ್ನೆರಡನೆಯವನ ಹೆಸರು ಕಂಪನಿ. ಅವನು ಒಪ್ಪುವುದಿಲ್ಲ. ನಮಗೆ ಕಂಪನಿ ಕೊಡಪ್ಪಾ, ಬಾ ಎಂದು ಉಳಿದವರು ಕರೆಯುತ್ತಾರೆ. ಅವನು ಕೇಳುತ್ತಾನೆ: ನಿಮ್ಮ ಮನಸ್ಸಾಕ್ಷಿಯಂತೆ ನಡೆದ ನಿಮ್ಮನ್ನು ದೇವರು ಸ್ವರ್ಗಕ್ಕೂ, ನನ್ನದಕ್ಕೆ ವಿರುದ್ಧ ನಡೆದ ನನ್ನನ್ನು ನರಕಕ್ಕೂ ಕಳಿಸಿದಾಗ, ನನಗೆ ಕಂಪನಿ ಕೊಡಲು ನೀವು ಯಾರಾದರೂ ಬರುತ್ತೀರಾ?

ಮೆಗ್ ಸೋತು ಕೊನೆಯ ಅಸ್ತ್ರ ತೆಗೆದಳು. ಮನೆಯ ವಿದೂಷಕ ಹ್ಯಾರಿಯ ಮಾತನ್ನೇ ಆಡಿದಳು: ನಾನೇ ಪ್ರಮಾಣ ಮಾಡಿದ್ದೇನೆ, ನಿಮಗೇನು ಕಷ್ಟ? ಅವಳು ಮಾಡಿದ್ದೂ ಹೌದು, ದೇವರ ಕಾನೂನಿಗೆ ಒಪ್ಪುವಷ್ಟು ಮಟ್ಟಿಗೆ ಎಂಬ ಮಾತನ್ನು ಸೇರಿಸಿ. ಅಪ್ಪ ನಕ್ಕುಬಿಟ್ಟ. ಈವ್ ಕೂಡ ತಾನು ತಿಂದ ಹಣ್ಣನ್ನೇ ಆದಮನಿಗೆ ಕೊಟ್ಟಳಲ್ಲ ಎಂದ.

ಗಮನಿಸಿ, ಅವನು ಮಗಳನ್ನು ಬೈಯಲಿಲ್ಲ. ಪ್ರಮಾಣ ಮಾಡಿದವರು ಪಾಪಿಗಳು ಎನ್ನಲೂ ಇಲ್ಲ. ಅವರ ಮನಸ್ಸಾಕ್ಷಿ ಅವರದು ಎಂದ. ಇದೇ ಮನುಷ್ಯ ಚಾನ್ಸಲರ್ ಆಗಿದ್ದಾಗ ಆರು ಜನರನ್ನು ಧರ್ಮವಿರೋಧಿಗಳೆಂದು ಜೀವಂತ ಸುಟ್ಟರು, ಅದಕ್ಕೆ ಇವನ ಬೆಂಬಲವಿತ್ತು. ಅವರಿಗೂ ಮನಸ್ಸಾಕ್ಷಿ ಇತ್ತು. ಅದನ್ನು ಮುಚ್ಚಿಟ್ಟು ಇವನ ಕಥೆ ಹೇಳುವುದು ಸರಿಯಲ್ಲ.

ಇನ್ನು ಹೆಂಡತಿ ಡೇಮ್ ಆಲಿಸ್. ಇವಳದು ನೇರ ಮಾತು. ಚೆಲ್ಸಿಯಲ್ಲಿ ಚೆಂದದ ಮನೆ, ತೋಟ, ಪುಸ್ತಕದ ಕೋಣೆ ಎಲ್ಲ ಬಿಟ್ಟು ಇಲಿ ಹೆಗ್ಗಣಗಳ ಜೊತೆ ಬಿದ್ದಿದ್ದೀರಲ್ಲ, ನಿಮ್ಮ ಬುದ್ಧಿಗೆ ಏನಾಯಿತು ಎಂದು ಬಂದವಳೇ ಗದರಿದಳು. ಜೀವ ಇದ್ದರೆ ಬೇಡಿಯಾದರೂ ತಿನ್ನಬಹುದು ಎನ್ನುವ ನಮ್ಮ ಹಿರಿಯರ ಧಾಟಿಯೇ. ಸ್ವರ್ಗಕ್ಕೆ ನಮ್ಮ ಮನೆ ಎಷ್ಟು ಹತ್ತಿರವೋ ಇದೂ ಅಷ್ಟೇ ಹತ್ತಿರವಲ್ಲವೇ ಎಂದು ಅವನು ಕೇಳಿದ. ಅವಳಿಗೆ ರೇಗಿತು. ಚರಿತ್ರೆ ಬರೆದವರು ಆಲಿಸ್‌ಳನ್ನು ಒರಟು ಹೆಂಗಸೆಂದು ನಗೆಯಾಡಿದ್ದೇ ಹೆಚ್ಚು. ಆದರೆ 1535ರಲ್ಲಿ ಅವಳು ಕ್ರಾಮ್‌ವೆಲ್‌ಗೆ ಬರೆದ ಪತ್ರ ಓದಬೇಕು. ಗಂಡನ ಮತ್ತು ಅವನ ಆಳಿನ ಊಟದ ಖರ್ಚಿಗೆ ವಾರಕ್ಕೆ 15 ಶಿಲಿಂಗ್ ಕಟ್ಟಬೇಕಾಗಿತ್ತು. ಅದಕ್ಕಾಗಿ ಉಟ್ಟುಡುವ ಬಟ್ಟೆಗಳಲ್ಲಿ ಕೆಲವನ್ನು ಮಾರಿದ್ದಳು. ಗಂಡನ ಹಟ ಅವಳಿಗೆ ಅರ್ಥವಾಗಲಿಲ್ಲ, ಆದರೂ ಅವನ ಊಟ ನಿಲ್ಲಿಸಲಿಲ್ಲ.

1535ರ ಜುಲೈ 1ರಂದು ರಿಚರ್ಡ್ ರಿಚ್ ಎಂಬವನ ಸಾಕ್ಷ್ಯ ನಂಬಿ ಮರಣದಂಡನೆ ವಿಧಿಸಿದರು. ತೀರ್ಪಾದ ಮೇಲೆ ಅವನನ್ನು ಟವರಿಗೆ ಮರಳಿ ತರುವಾಗ ಮಾರ್ಗರೆಟ್ ದಾರಿಯಲ್ಲಿ ಕಾದಿದ್ದಳು. ಈಟಿ ಹಿಡಿದ ಕಾವಲುಗಾರರ ನಡುವೆ ನುಗ್ಗಿ ಎಲ್ಲರ ಎದುರು ಅಪ್ಪನ ಕೊರಳು ತಬ್ಬಿ ಮುತ್ತಿಟ್ಟಳು. ನಾಲ್ಕು ಹೆಜ್ಜೆ ಹೋದವಳು ಮತ್ತೆ ಓಡಿ ಬಂದಳು. ಈ ಸಲ ಪ್ರಮಾಣದ ಮಾತು ಬರಲಿಲ್ಲ. ಜುಲೈ 5ರಂದು ಇದ್ದಿಲಿನಲ್ಲಿ ಗೀಚಿದ ಕೊನೆಯ ಪತ್ರದಲ್ಲಿ ಅವನು ನೆನೆದದ್ದು ಆ ಮುತ್ತನ್ನೇ. ನಿನ್ನ ನಡತೆ ನನಗೆ ಅಷ್ಟು ಹಿಡಿಸಿದ್ದು ಇನ್ನೆಂದೂ ಇಲ್ಲ ಎಂದು ಬರೆದ. ಮರುದಿನ ಟವರ್ ಹಿಲ್‌ನಲ್ಲಿ ತಲೆ ಕಡಿದರು.

ಆ ತಲೆಯನ್ನು ಲಂಡನ್ ಸೇತುವೆಯ ಮೇಲೆ ಕಂಬಕ್ಕೆ ಸಿಕ್ಕಿಸಿದ್ದರು. ಸುಮಾರು ಒಂದು ತಿಂಗಳಾದ ಮೇಲೆ ಮಾರ್ಗರೆಟ್ ಹೇಗೋ ಅದನ್ನು ಕೆಳಗಿಳಿಸಿಕೊಂಡು ಮನೆಗೆ ಒಯ್ದಳು. 1544ರಲ್ಲಿ ಅವಳೂ ತೀರಿಕೊಂಡಳು. ಕ್ಯಾಂಟರ್‌ಬರಿಯ ಸೇಂಟ್ ಡನ್‌ಸ್ಟನ್ ಚರ್ಚಿನಲ್ಲಿ, ಅವಳ ಗಂಡನ ಮನೆತನದ ಸಮಾಧಿಯಲ್ಲಿ, ಅಪ್ಪನ ತಲೆ ಇದೆ ಎಂದು ತೋರಿಸುತ್ತಾರೆ.