ಒಮ್ಮತದ ಊರು, ಒಂಟಿ ಮನೆ

ಸಿಂಧನೂರು ತಾಲ್ಲೂಕಿನ ಸಾಲಗುಂದದ ಸೀಮೆಯಲ್ಲಿ ಭತ್ತ ಬೆಳೆಯುವವನು ಒಬ್ಬಂಟಿಯಾಗಿ ಒಕ್ಕಲುತನ ಮಾಡಲಾರನು. ಕಾಲುವೆಯ ನೀರು ಮೇಲಿನವನ ಹೊಲವನ್ನು ದಾಟಿಯೇ ಕೆಳಗಿನವನ ಹೊಲಕ್ಕೆ ಬರಬೇಕು. ತೂಬು ತೆರೆಯುವ ಹೊತ್ತು, ನಾಟಿಯ ವಾರ, ಕೊಯ್ಲಿನ ಕಾಲ ಎಲ್ಲವೂ ನೆರೆಯವನೊಂದಿಗೆ ಹೊಂದಿಕೊಳ್ಳಬೇಕು. ಮಳೆಯನ್ನೇ ನೆಚ್ಚಿ ಜೋಳ ಬಿತ್ತುತ್ತಿದ್ದ ಎರೆಭೂಮಿಗೆ ಇಷ್ಟೊಂದು ಕಟ್ಟುಪಾಡು ಇರಲಿಲ್ಲ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಸಿದ್ಧವಾಗಿ, ಎಡದಂಡೆ ಕಾಲುವೆ ಈ ಕಡೆಗೆ ಹರಿದ ಮೇಲೆ, ನೀರಿನೊಂದಿಗೆ ನೆರೆಹೊರೆಯ ಹೊಸದೊಂದು ಲೆಕ್ಕವೂ ಬಂದಿತು.

ಭತ್ತದ ನೀರನ್ನು ಶತಮಾನಗಳ ಕಾಲ ಹೀಗೆ ಹಂಚಿಕೊಂಡ ಮತ್ತೊಂದು ನಾಡು ಜಪಾನ್. ಜಪಾನೀಯರು ತಮಗಿಂತ ತಮ್ಮ ಗುಂಪನ್ನು ದೊಡ್ಡದೆಂದು ಎಣಿಸುವುದಕ್ಕೆ ಗದ್ದೆಯ ಬದುಕೇ ಕಾರಣವೆಂದು ಹೇಳುವವರಿದ್ದಾರೆ. ಇದು ಅರ್ಧ ಸತ್ಯವೆಂದು ನನಗೆ ತೋರುತ್ತದೆ. ಭತ್ತ ಬೆಳೆಯುವ ನಾಡುಗಳು ಅನೇಕವಿವೆ. ಅವೆಲ್ಲವೂ ಜಪಾನಿನಂತೆ ಆಗಲಿಲ್ಲ. ಅಲ್ಲಿ ಗದ್ದೆಯ ಜೊತೆಗೆ ರಾಜಶಾಸನವೂ ಕೆಲಸ ಮಾಡಿತು.

ಕ್ರಿ.ಶ. 604ರಲ್ಲಿ ರಾಜಕುಮಾರ ಶೋತೊಕು ರಚಿಸಿದನೆಂದು ಹೇಳಲಾಗುವ 17 ವಿಧಿಗಳ ಶಾಸನವು ಸಾಮರಸ್ಯವನ್ನು ಮೊದಲನೆಯ ವಿಧಿಯಲ್ಲಿಯೇ ಎತ್ತಿ ಹಿಡಿಯುತ್ತದೆ. ಅದಕ್ಕೆ ಅವರ ಭಾಷೆಯಲ್ಲಿ 'ವಾ' ಎಂದು ಹೆಸರು. ಮಹತ್ವದ ವಿಷಯಗಳನ್ನು ಒಬ್ಬನೇ ತೀರ್ಮಾನಿಸದೆ ಹಲವರೊಡನೆ ಚರ್ಚಿಸಬೇಕೆಂಬುದು ಕೊನೆಯ ವಿಧಿ. ಇಷ್ಟರವರೆಗೆ ಯಾರಿಗೂ ಆಕ್ಷೇಪವಿರಲಾರದು. ಆದರೆ ಸಾವಿರ ವರ್ಷಗಳ ನಂತರ ತೊಕುಗಾವಾ ಆಡಳಿತಗಾರರ ಕೈಯಲ್ಲಿ ಸಾಮರಸ್ಯಕ್ಕೆ ಬೇರೊಂದು ಮುಖ ಮೂಡಿತು. ಐದೈದು ಮನೆಗಳನ್ನು ಒಂದು ಗುಂಪಾಗಿ ಕಟ್ಟಲಾಯಿತು. ಒಂದು ಮನೆಯವರು ತಪ್ಪಿದರೆ ಉಳಿದ ನಾಲ್ಕು ಮನೆಯವರೂ ಹೊಣೆ. ತೆರಿಗೆ ಬಾಕಿಯಾದರೂ ಹಾಗೆಯೇ, ಮನೆಯೊಳಗೆ ಗುಟ್ಟಾಗಿ ಕ್ರೈಸ್ತ ಪ್ರಾರ್ಥನೆ ನಡೆದರೂ ಹಾಗೆಯೇ. ನೆರೆಯವನೇ ಕಾವಲುಗಾರನಾದನು.

ಕ್ರೈಸ್ತರ ಪಾಲಿಗೆ ಸಂಕಟ ಅದಕ್ಕೂ ಮೊದಲೇ ಆರಂಭವಾಗಿತ್ತು. 1597ರ ಫೆಬ್ರವರಿ 5ರಂದು ನಾಗಸಾಕಿಯಲ್ಲಿ 26 ಮಂದಿ ರಕ್ತಸಾಕ್ಷಿಗಳನ್ನು ಶಿಲುಬೆಗೇರಿಸಲಾಯಿತು. ಅವರಲ್ಲಿ ಒಬ್ಬರು ನಮ್ಮ ಪಶ್ಚಿಮ ಕರಾವಳಿಯ ವಸಾಯಿಯಲ್ಲಿ ಹುಟ್ಟಿದ ಸಂತ ಗೊನ್ಸಾಲೊ ಗಾರ್ಸಿಯಾ ಎಂಬುದು ನಮ್ಮ ಅನೇಕ ಕುಟುಂಬಗಳಿಗೆ ತಿಳಿದಿರಲಾರದು. 1862ರಲ್ಲಿ ಜಗದ್ಗುರು ಒಂಬತ್ತನೆಯ ಪಿಯುಸ್‌ರವರು ಅವರನ್ನು ಸಂತಪದವಿಗೇರಿಸಿದರು. 1614ರಲ್ಲಿ ಇಡೀ ಜಪಾನಿನಲ್ಲಿ ಕ್ರೈಸ್ತ ಧರ್ಮ ನಿಷಿದ್ಧವಾಯಿತು. ಪ್ರತಿಯೊಂದು ಕುಟುಂಬವೂ ಒಂದು ಬೌದ್ಧ ಮಂದಿರದಲ್ಲಿ ಹೆಸರು ಬರೆಸಬೇಕಾಯಿತು; ಕ್ರಿಸ್ತರ ಅಥವಾ ಮಾತೆ ಮರಿಯಮ್ಮನವರ ಚಿತ್ರವನ್ನು ಕಾಲಿನಿಂದ ತುಳಿದು ತಾನು ಕ್ರೈಸ್ತನಲ್ಲವೆಂದು ತೋರಿಸಬೇಕಾಯಿತು.

ಇಲ್ಲಿಯೇ ಚರಿತ್ರೆಯ ವಿಚಿತ್ರವಿರುವುದು. ಯಾವ ಗುಂಪುಪ್ರಜ್ಞೆ ಅವರನ್ನು ಹಿಡಿದುಕೊಡಲು ಹವಣಿಸಿತೋ ಅದೇ ಅವರನ್ನು ಕಾಪಾಡಿತು. ಊರಿಗೆ ಊರೇ ಕ್ರೈಸ್ತವಾಗಿದ್ದ ಕಡೆ ಐದು ಮನೆಗಳ ಗುಂಪಿನಲ್ಲಿ ಐದೂ ಮನೆ ಮೌನವಾಗಿದ್ದವು. ಗುರುಗಳಿಲ್ಲದಿದ್ದರೂ ಹಬ್ಬಗಳ ಲೆಕ್ಕವಿಡುವವನೊಬ್ಬ, ದೀಕ್ಷಾಸ್ನಾನ ಕೊಡುವವನೊಬ್ಬ ಎಂದು ಕೆಲಸ ಹಂಚಿಕೊಂಡು ತಲೆಮಾರುಗಳ ಕಾಲ ವಿಶ್ವಾಸವನ್ನು ಉಳಿಸಿಕೊಂಡರು. 1865ರ ಮಾರ್ಚ್ 17ರಂದು ಉರಾಕಾಮಿ ಎಂಬ ಊರಿನ ಕೆಲವರು ನಾಗಸಾಕಿಯ ಓಉರಾ ದೇವಾಲಯಕ್ಕೆ ಬಂದು, ತಮ್ಮ ಹೃದಯವೂ ನಿಮ್ಮದೂ ಒಂದೇ ಎಂದು ಫಾದರ್ ಪೆಟಿಜಾನ್‌ರಿಗೆ ಮೆಲ್ಲನೆ ತಿಳಿಸಿ, ಮರಿಯಮ್ಮನವರ ಪ್ರತಿಮೆ ಎಲ್ಲಿದೆಯೆಂದು ಕೇಳಿದರು. ಅದರ ಬೆನ್ನಲ್ಲೇ ಆ ಊರಿನ 3,000ಕ್ಕೂ ಹೆಚ್ಚು ಜನರನ್ನು ಗಡೀಪಾರು ಮಾಡಲಾಯಿತು. 1873ರಲ್ಲಿ ನಿಷೇಧ ತೆರವಾದ ಮೇಲೆ ಬದುಕುಳಿದವರು ಹಿಂದಿರುಗಿದರು.

ಜಪಾನಿನ ಹಳ್ಳಿಗಳಲ್ಲಿ 'ಮುರಾಹಾಚಿಬು' ಎಂಬ ಶಿಕ್ಷೆಯೂ ಇತ್ತು. ಊರಿನ ಮಾತು ಮೀರಿದ ಮನೆಯೊಡನೆ ಬೆಂಕಿ ಅನಾಹುತ ಮತ್ತು ಶವಸಂಸ್ಕಾರ ಇವೆರಡನ್ನುಳಿದು ಎಲ್ಲ ವ್ಯವಹಾರವನ್ನೂ ಕಡಿದುಕೊಳ್ಳುವುದು ಅದರ ಅರ್ಥವೆಂದು ವಿವರಿಸುತ್ತಾರೆ. ನಮಗೆ ಇದು ಪರದೇಶದ ಸಂಗತಿಯೇನಲ್ಲ. ಮುಯ್ಯಾಳಿನಿಂದ ಒಬ್ಬರ ಹೊಲವನ್ನೊಬ್ಬರು ಕಳೆ ಕೀಳುವ ನಮ್ಮ ಊರುಗಳೇ, ಊರೊಟ್ಟಿನ ತೀರ್ಮಾನವೆಂದು ಹೇಳಿ ಒಂದು ಕೇರಿಗೆ ಅಂಗಡಿಯ ಸಾಮಾನು, ಗಿರಣಿಯ ಹಿಟ್ಟು, ಹೊಲದ ಕೂಲಿ ನಿಲ್ಲಿಸಿದ್ದುಂಟು. ಜಪಾನಿನಲ್ಲಿ ಬಿಟ್ಟಿದ್ದ ಶವಸಂಸ್ಕಾರದ ನೆಂಟೂ ಇಲ್ಲಿ ಹಲವು ಕಡೆ ಇರಲಿಲ್ಲ, ಸ್ಮಶಾನಗಳೇ ಬೇರೆ. 1989ರ ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ತಿದ್ದುಪಡಿ ತಂದು, ಪರಿಶಿಷ್ಟರ ಮೇಲೆ ಸಾಮಾಜಿಕ ಹಾಗೂ ಆರ್ಥಿಕ ಬಹಿಷ್ಕಾರ ಹಾಕುವುದನ್ನು ಅಪರಾಧವೆಂದು ಸ್ಪಷ್ಟವಾಗಿ ಬರೆಯಬೇಕಾಯಿತು.

ಸಾಮರಸ್ಯವನ್ನು ಬೇರೆ ರೀತಿಯಲ್ಲಿ ಕಂಡ ಶಾಸನಗಳೂ ನಮ್ಮ ನೆಲದಲ್ಲಿಯೇ ಇವೆ. 1986ರಲ್ಲಿ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ ಗುಡಿಯ ಛಾವಣಿ ಕುಸಿದಾಗ, ದೇವಿಯ ವಿಗ್ರಹದ ಪೀಠವಾಗಿದ್ದ ಕಲ್ಲಿನಲ್ಲಿ ಅಶೋಕನ ಶಾಸನಗಳು ಕಂಡುಬಂದವು. ಅವುಗಳಲ್ಲಿ 12ನೆಯ ಶಾಸನದ ಭಾಗವೂ ಇದೆ. ತನ್ನ ಮತವನ್ನೇ ಹೊಗಳಿ ಪರಮತವನ್ನು ಹಳಿಯದೆ, ಒಬ್ಬರ ಧರ್ಮವನ್ನೊಬ್ಬರು ಕೇಳಿಸಿಕೊಳ್ಳಬೇಕೆಂಬುದು ಆ ಶಾಸನದ ಆಶಯ. ಎಲ್ಲರೂ ಒಂದೇ ಆಗಬೇಕೆಂದು ಅದು ಕೇಳುವುದಿಲ್ಲ. ಸಾಲಗುಂದಕ್ಕೆ ಇನ್ನೂ ಸಮೀಪವಿರುವ ಮಸ್ಕಿಯ ಶಾಸನ 1915ರಲ್ಲಿ ಗಣಿ ಎಂಜಿನಿಯರ್ ಬೀಡನ್‌ರ ಕಣ್ಣಿಗೆ ಬಿತ್ತು. ಅಶೋಕನ ಹೆಸರನ್ನು ಹೇಳಿದ್ದಕ್ಕಾಗಿ ಅದು ಪ್ರಸಿದ್ಧವಾಯಿತು. ದೊಡ್ಡವರು ಮಾತ್ರವಲ್ಲ, ಸಣ್ಣವನೂ ಧರ್ಮದಿಂದ ಆ ಗುರಿಯನ್ನು ಮುಟ್ಟಬಲ್ಲನೆಂಬ ಅದರ ಮಾತಿಗೆ ಅಷ್ಟು ಪ್ರಸಿದ್ಧಿ ಸಿಗಲಿಲ್ಲ. ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನಲ್ಲಿ ಮೊಹರಂ ಆಲಂಗಳಿಗೆ ಹಿಂದೂಗಳೂ ಹರಕೆ ಸಲ್ಲಿಸುತ್ತಾರೆ. ಆದಿಲಶಾಹಿಗಳ ಕಾಲದಿಂದಲೂ ಅದೇ ಊರಿನಲ್ಲಿ ಕಥೋಲಿಕ ಕುಟುಂಬಗಳು ಬಾಳಿವೆ.

ಇನ್ನು ಕಾಲುವೆಯ ಮಾತು. 227 ಕಿಲೋಮೀಟರ್ ಉದ್ದದ ಎಡದಂಡೆ ಕಾಲುವೆಯನ್ನು ಯೋಜಿಸಿದ್ದು ಮುಖ್ಯವಾಗಿ ಕಡಿಮೆ ನೀರಿನ ಬೆಳೆಗಳಿಗಾಗಿ, ಬರಗಾಲದಿಂದ ಹೆಚ್ಚು ಊರುಗಳನ್ನು ಕಾಯಲೆಂದು. ಮೇಲ್ಭಾಗದಲ್ಲಿ ಭತ್ತ ಹಬ್ಬಿತು. ಮಾನ್ವಿ, ರಾಯಚೂರು ಕಡೆಯ ಕೊನೆ ಭಾಗದ ರೈತರ ಪಾಲಿಗೆ ನೀರು ಸೊರಗಿತು. ನೀರು ಕೆಳಕ್ಕೆ ಹರಿಯಲೆಂದು ಕಾಲುವೆಯುದ್ದಕ್ಕೂ ನಿಷೇಧಾಜ್ಞೆ ಹೊರಡಿಸಿದ ವರ್ಷಗಳೂ ಉಂಟು. ಮೇಲಿನ ಊರಿನ ಒಳಗೆ ಒಮ್ಮತಕ್ಕೆ ಕೊರತೆಯಿರಲಿಲ್ಲ. ತೂಬಿನಿಂದ ಹೆಚ್ಚು ನೀರು ಎಳೆದುಕೊಳ್ಳುವುದರಲ್ಲಿಯೂ ಎಲ್ಲರೂ ಒಂದೇ. 2024ರ ಆಗಸ್ಟ್‌ನಲ್ಲಿ ಜಲಾಶಯದ 19ನೆಯ ಗೇಟು ಕೊಚ್ಚಿಹೋಗಿ ನೀರು ನದಿಗೆ ಧುಮ್ಮಿಕ್ಕಿದಾಗ, ಹೊಸ ತಡೆ ಇಳಿಸುವವರೆಗಿನ ಆ ವಾರ ಕಾಲುವೆಯ ತಲೆಯವನೂ ಬಾಲದವನೂ ಒಂದೇ ಸುದ್ದಿಗಾಗಿ ಕಾದರು.