ನೆಲದಡಿಯ ನೀರು, ನೆಲದ ಮೇಲಿನ ಮರ

ಬೇಮಳಖೇಡದಂಥ ಊರಿನ ಓಣಿಯಲ್ಲಿ ನಲ್ಲಿಯ ಕೊಳವೆಗಾಗಿ ತಗ್ಗು ತೋಡುವಾಗ ಬೇವಿನ ಬೇರು ಅಡ್ಡ ಬಂದರೆ, ಕೊಡಲಿಯ ಎರಡೇಟಿಗೆ ಅದು ತುಂಡಾಗುತ್ತದೆ. ನೀರು ಬಂದ ಸಂತೋಷದಲ್ಲಿ ಮರದ ಗಾಯ ಯಾರ ಕಣ್ಣಿಗೂ ಬೀಳದು.

ನೆಲದೊಳಗೆ ನೀರು ಹರಿಸುವ ವಿದ್ಯೆ ಬೀದರ ಸೀಮೆಗೆ ಹೊಸದಲ್ಲ. ಬಹಮನಿ ಸುಲ್ತಾನರು 15ನೆಯ ಶತಮಾನದಲ್ಲಿ ಕಲಬುರಗಿಯಿಂದ ಬೀದರಿಗೆ ರಾಜಧಾನಿಯನ್ನು ತಂದರು. ಅವರ ಕಾಲದ್ದೆನ್ನಲಾದ ನೌಬಾದಿನ ಕರೇಜನ್ನು ಜನರು ‘ಸುರಂಗ ಬಾವಿ’ ಎನ್ನುತ್ತಾರೆ. ಪಾರಸಿಕ ದೇಶದಿಂದ ಬಂದ ಈ ಕ್ರಮದಲ್ಲಿ ನೆಲವನ್ನು ಉದ್ದಕ್ಕೂ ಸೀಳುವುದಿಲ್ಲ. ಅಲ್ಲಲ್ಲಿ ಬಾವಿ ತೋಡಿ, ಕೆಂಪು ಜಂಬಿಟ್ಟಿಗೆ ಕಲ್ಲಿನೊಳಗೆ ಒಂದರಿಂದ ಇನ್ನೊಂದಕ್ಕೆ ಸುರಂಗ ಕೊರೆದು, ಮಣ್ಣನ್ನು ಬಾವಿಯ ಬಾಯಿಂದಲೇ ಮೇಲೆತ್ತುವರು. ಉದ್ದೇಶವೇನೋ ನೀರಿನದು, ಆದರೆ ಬಾವಿಗಳ ನಡುವಣ ಮೇಲ್ಮಣ್ಣಿಗೆ ಗುದ್ದಲಿ ತಾಕದು.

ಆ ಮೇಲ್ಮಣ್ಣೇ ಮರದ ಜೀವಾಳ. ನೀರುಣ್ಣುವ ಬೇರುಗಳು ಬಹುಪಾಲು ಮೇಲಿನ ಎರಡಡಿಯೊಳಗೆ, ಕೊಂಬೆಗಳ ನೆರಳನ್ನೂ ಮೀರಿ ಹರಡಿರುತ್ತವೆ. ಬುಡದ ಒಂದು ಪಕ್ಕವನ್ನು ಕಡಿದರೆ ಮರಕ್ಕೆ ಆಹಾರವೂ ಆಧಾರವೂ ತಪ್ಪುತ್ತವೆ. ಕೆಲವು ವರ್ಷಗಳ ಮೇಲೆ ಅದು ಉರುಳಿದಾಗ ದೂರು ಮಾತ್ರ ಬಿರುಗಾಳಿಯ ಮೇಲೆ!

ಕರ್ನಾಟಕದ 1976ರ ವೃಕ್ಷ ಸಂರಕ್ಷಣಾ ಅಧಿನಿಯಮವು ಮರಕ್ಕೆ ಹಾನಿ ಮಾಡುವುದನ್ನೂ ಕಡಿಯುವುದರ ಲೆಕ್ಕಕ್ಕೇ ಸೇರಿಸಿದೆ. 2019ರಲ್ಲಿ ಜಲಜೀವನ ಯೋಜನೆ ಆರಂಭವಾದ ಮೇಲೆ ಅಗೆತವು ಹಳ್ಳಿ ಹಳ್ಳಿಗೂ ಬಂದುದರಿಂದ ಈ ಮಾತಿಗೆ ಬೆಲೆ ಹೆಚ್ಚಿದೆ.

ಉಪಾಯ ಕಠಿಣವಲ್ಲ. ಕೊಳವೆಯನ್ನು ಮರದಿಂದ ದೂರ ಒಯ್ಯಬೇಕು. ಆಗದಿದ್ದರೆ ಯಂತ್ರ ನಿಲ್ಲಿಸಿ, ಕೈಯಿಂದ ಅಗೆದು, ಹೆಬ್ಬೆರಳು ದಪ್ಪದ ಬೇರುಗಳನ್ನು ಉಳಿಸಿ, ಅವುಗಳ ಅಡಿಯಲ್ಲಿ ಕೊಳವೆ ತೂರಿಸಬೇಕು. ಬಯಲಾದ ಬೇರಿಗೆ ಒದ್ದೆ ಗೋಣಿ ಹೊದಿಸಿ, ಬೇಗನೆ ಮಣ್ಣು ಮುಚ್ಚಬೇಕು.

ಕರೇಜು ತೋಡಿದವರ ಬಳಿ ಯಂತ್ರವಿರಲಿಲ್ಲ; ತಾಳ್ಮೆಯಿತ್ತು. ಮನೆಗೆ ನೀರೂ ಬರಲಿ, ಬಾಗಿಲ ಮುಂದಿನ ನೆರಳೂ ಉಳಿಯಲಿ.