ಹದಿನಾರರ ಹೊಸ್ತಿಲು: ಹದಿಹರೆಯದ ಆಲೋಚನೆ, ಒಡನಾಟ ಮತ್ತು ಅಸ್ಮಿತೆ

ಸಾರಾಂಶ

ಹದಿಹರೆಯದಲ್ಲಿ ಆಲೋಚನೆ, ಒಡನಾಟ, ಅಸ್ಮಿತೆ ಮೂರೂ ಬೆಳೆಯುತ್ತವೆ. ಆದರೆ ಮೂರರ ವೇಗ ಒಂದೇ ಅಲ್ಲ. ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಪಿಯುಸಿ ವಿಜ್ಞಾನಕ್ಕೆ ಸೇರುವ ವಿದ್ಯಾರ್ಥಿಯ ಸಂದರ್ಭವನ್ನು ಮುಂದಿಟ್ಟುಕೊಂಡು ಈ ಲೇಖನ ಆ ಅಂತರವನ್ನು ಪರಿಶೀಲಿಸುತ್ತದೆ. ಹುಡುಕಾಟಕ್ಕೆ ಬಿಡುವು ಸಿಗದಿದ್ದರೆ ಬೆಳೆದ ಬುದ್ಧಿಯೂ ಬಾಯಿಕಟ್ಟಿ ನಿಲ್ಲುತ್ತದೆ ಎಂಬುದು ಇಲ್ಲಿನ ವಾದ.

ಪ್ರಮುಖ ಪದಗಳು: ಹದಿಹರೆಯ, ಅಮೂರ್ತ ಆಲೋಚನೆ, ಅಸ್ಮಿತೆ, ಕನ್ನಡ ಮಾಧ್ಯಮ, ಪಿಯುಸಿ

1. ಪೀಠಿಕೆ

ವಿಶ್ವ ಆರೋಗ್ಯ ಸಂಸ್ಥೆ 10ರಿಂದ 19 ವರ್ಷದವರೆಗಿನ ಅವಧಿಯನ್ನು ಹದಿಹರೆಯವೆಂದು ಗುರುತಿಸುತ್ತದೆ. 2011ರ ಜನಗಣತಿಯಂತೆ ಭಾರತದಲ್ಲಿ ಈ ವಯಸ್ಸಿನವರು ಸುಮಾರು 25 ಕೋಟಿ. ಅಮೆರಿಕದ ಜಿ. ಸ್ಟ್ಯಾನ್ಲಿ ಹಾಲ್ 1904ರಲ್ಲಿ ಈ ವಯಸ್ಸನ್ನೇ ಕುರಿತು ಎರಡು ಸಂಪುಟಗಳ ಗ್ರಂಥ ಪ್ರಕಟಿಸಿ, ಇದನ್ನು ಬಿರುಗಾಳಿಯ ಕಾಲವೆಂದು ಬಣ್ಣಿಸಿದರು. ನಮ್ಮ ಮನೆಗಳಲ್ಲೂ ‘ವಯಸ್ಸೇ ಅಂಥದ್ದು’ ಎಂದು ಹಿರಿಯರು ಮಾತು ಮುಗಿಸಿಬಿಡುತ್ತಾರೆ. ಆದರೆ ಆ ವಯಸ್ಸಿನೊಳಗೆ ನಡೆಯುವುದನ್ನು ಬಿಡಿಸಿ ನೋಡಿದರೆ ಬಿರುಗಾಳಿಗಿಂತ ಹೆಚ್ಚಾಗಿ ದುಡಿಮೆ ಕಾಣುತ್ತದೆ.

2. ಲೋಲಕದ ಮುಂದೆ

ಬಾರ್ಬೆಲ್ ಇನ್‌ಹೆಲ್ಡರ್ ಮತ್ತು ಜೀನ್ ಪಿಯಾಜೆ 1955ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮಕ್ಕಳ ಮುಂದೆ ಒಂದು ಲೋಲಕವನ್ನು ಇಟ್ಟಿದ್ದರು. ಅದರ ತೂಗಾಟದ ವೇಗ ಯಾವುದರಿಂದ ಬದಲಾಗುತ್ತದೆ? ದಾರದ ಉದ್ದದಿಂದಲೇ, ಗುಂಡಿನ ತೂಕದಿಂದಲೇ, ಬಿಟ್ಟ ಎತ್ತರದಿಂದಲೇ, ತಳ್ಳಿದ ಬಲದಿಂದಲೇ? ಚಿಕ್ಕ ಮಕ್ಕಳು ದಾರವನ್ನೂ ಗುಂಡನ್ನೂ ಒಟ್ಟಿಗೆ ಬದಲಿಸಿ ಗೊಂದಲಕ್ಕೆ ಬೀಳುತ್ತಾರೆ. ಹದಿಹರೆಯದವರು ಉಳಿದದ್ದನ್ನೆಲ್ಲ ಇದ್ದಂತೆಯೇ ಇಟ್ಟು ಒಂದನ್ನು ಮಾತ್ರ ಬದಲಿಸಿ ನೋಡುತ್ತಾರೆ. ‘ಹೀಗಿದ್ದರೆ ಹೀಗಾಗಬೇಕಿತ್ತು’ ಎಂಬ ತರ್ಕ ಅವರ ಕೈಗೆ ಬಂದಿರುತ್ತದೆ.

ಈ ಸಾಮರ್ಥ್ಯ ಎಲ್ಲರಲ್ಲೂ ಎಲ್ಲ ವಿಷಯಗಳಲ್ಲೂ ಏಕಕಾಲಕ್ಕೆ ಕಾಣಿಸುವುದಿಲ್ಲ. ಪಿಯಾಜೆಯವರೇ 1972ರಲ್ಲಿ, ಅದು ಅವರವರ ಒಲವು ಮತ್ತು ಕಸುಬಿನ ಕ್ಷೇತ್ರದಲ್ಲಿ ಅರಳಬಹುದು ಎಂದು ತಮ್ಮ ನಿಲುವನ್ನು ತಿದ್ದಿಕೊಂಡರು. ಈ ತಿದ್ದುಪಡಿ ನಮ್ಮ ಹಳ್ಳಿಗಳಿಗೆ ಬಹಳ ಮುಖ್ಯ. ಬಾವಿಯ ಮೋಟಾರು ನೀರೆತ್ತದಿದ್ದಾಗ ಹದಿನೈದರ ಹುಡುಗ ಮೊದಲು ಮೂರು ಫೇಸೂ ಬಂದಿದೆಯೇ ನೋಡುತ್ತಾನೆ. ಆಮೇಲೆ ಫ್ಯೂಸು, ಆಮೇಲೆ ಸ್ಟಾರ್ಟರು, ಕೊನೆಗೆ ಫುಟ್‌ವಾಲ್ವ್. ಒಂದನ್ನು ಖಚಿತಮಾಡಿಕೊಳ್ಳದೆ ಇನ್ನೊಂದಕ್ಕೆ ಕೈಹಾಕುವುದಿಲ್ಲ. ಲೋಲಕದ ಮುಂದೆ ನಡೆಯುವ ಆಲೋಚನೆಯೂ ಇದೇ. ಅಂಕಪಟ್ಟಿಯಲ್ಲಿ ಮಾತ್ರ ಇದಕ್ಕೆ ಜಾಗವಿಲ್ಲ.

3. ನೋಡುವ ಕಣ್ಣುಗಳು

ಇನ್ನೊಬ್ಬರ ಆಲೋಚನೆಯನ್ನು ಊಹಿಸಬಲ್ಲ ಮನಸ್ಸು, ಎಲ್ಲರೂ ತನ್ನನ್ನೇ ಗಮನಿಸುತ್ತಿದ್ದಾರೆ ಎಂದೂ ಊಹಿಸುತ್ತದೆ. ಡೇವಿಡ್ ಎಲ್ಕೈಂಡ್ 1967ರಲ್ಲಿ ಇದನ್ನು ‘ಕಾಲ್ಪನಿಕ ಪ್ರೇಕ್ಷಕವರ್ಗ’ ಎಂದು ಕರೆದರು. ಮೊಡವೆಯೊಂದು ಎದ್ದರೆ ತರಗತಿಗೆ ಹೋಗಲು ಹಿಂಜರಿಯುವುದು ಈ ಹೊಸ ಶಕ್ತಿಯ ಇನ್ನೊಂದು ಮಗ್ಗುಲು. ಗೆಳೆಯರ ಇರುವಿಕೆಯೂ ನಡವಳಿಕೆಯನ್ನು ಬದಲಿಸುತ್ತದೆ. ಮಾರ್ಗೊ ಗಾರ್ಡ್‌ನರ್ ಮತ್ತು ಲಾರೆನ್ಸ್ ಸ್ಟೈನ್‌ಬರ್ಗ್ 2005ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕಾರು ಓಡಿಸುವ ಕಂಪ್ಯೂಟರ್ ಆಟದಲ್ಲಿ ಗೆಳೆಯರು ಪಕ್ಕದಲ್ಲಿದ್ದಾಗ ಹದಿಹರೆಯದವರು ಹೆಚ್ಚು ಅಪಾಯಕ್ಕೆ ಒಡ್ಡಿಕೊಂಡರು. ವಯಸ್ಕರಲ್ಲಿ ಇಂಥ ಏರಿಕೆ ಕಾಣಲಿಲ್ಲ. ಮಿದುಳಿನ ಮುಂಭಾಗ ಹದಿಹರೆಯದುದ್ದಕ್ಕೂ ಮಾರ್ಪಡುತ್ತಲೇ ಇರುತ್ತದೆ ಎಂಬುದನ್ನು ಜೇ ಗೀಡ್ ಮತ್ತು ಸಂಗಡಿಗರ 1999ರ ಎಂಆರ್‌ಐ ಅಧ್ಯಯನ ತೋರಿಸಿತ್ತು. ಒಬ್ಬರೇ ಕೂತು ಚೆನ್ನಾಗಿ ಯೋಚಿಸಬಲ್ಲವರು ಗುಂಪಿನ ಬಿಸಿಯಲ್ಲಿ ಎಡವುವುದಕ್ಕೆ ಬುದ್ಧಿಯ ಕೊರತೆ ಕಾರಣವಲ್ಲ.

ಹೆಣ್ಣುಮಕ್ಕಳ ಪಾಲಿಗೆ ನೋಡುವ ಕಣ್ಣುಗಳು ಬರಿಯ ಕಲ್ಪನೆಯಲ್ಲ. ಹುಡುಗಿ ಮೈನೆರೆದಾಗ ಸೋದರಮಾವ ಹಸಿರು ಸೊಪ್ಪಿನ ಗುಡ್ಲು ಹಾಕುವ, ನೆರೆಹೊರೆಯವರು ಬಂದು ಆರತಿ ಎತ್ತುವ ಪದ್ಧತಿ ಹಳೆ ಮೈಸೂರಿನ ಹಲವು ಸಮುದಾಯಗಳಲ್ಲಿದೆ. ಅದರಲ್ಲಿ ಅಕ್ಕರೆ ಇದೆ. ಆದರೆ ‘ನಾನು ಯಾರು’ ಎಂದು ಅವಳು ಕೇಳಿಕೊಳ್ಳುವ ಮೊದಲೇ ಊರು ಉತ್ತರ ಹೇಳಿರುತ್ತದೆ. ಅಲ್ಲಿಂದಾಚೆ ಅವಳ ಓಡಾಟ, ಗೆಳೆತನ, ಕೆಲವೊಮ್ಮೆ ಓದು ಕೂಡ ಮೊಟಕಾಗುತ್ತವೆ.

4. ಅಸ್ಮಿತೆ: ಹುಡುಕಾಟದ ಹಕ್ಕು

ಅಸ್ಮಿತೆಯ ಪ್ರಶ್ನೆಯನ್ನು ಹದಿಹರೆಯದ ಕೇಂದ್ರಕ್ಕೆ ತಂದವರು ಎರಿಕ್ ಎರಿಕ್‌ಸನ್. 1902ರಲ್ಲಿ ಹುಟ್ಟಿದ ಅವರಿಗೆ ಹೆತ್ತ ತಂದೆ ಯಾರೆಂದು ತಿಳಿಯಲೇ ಇಲ್ಲ. ಮಲತಂದೆಯ ಹೆಸರಿನಲ್ಲಿ ಬೆಳೆದು, ಯೌವನದಲ್ಲಿ ಚಿತ್ರ ಬರೆಯುತ್ತ ಯುರೋಪ್ ಅಲೆದು, ಅಮೆರಿಕದ ಪೌರರಾದಾಗ ‘ಎರಿಕ್‌ಸನ್’ ಎಂಬ ಹೆಸರನ್ನು ತಾವೇ ಆರಿಸಿಕೊಂಡರು. ಕೊನೆಯ ನಿರ್ಧಾರಗಳನ್ನು ಸಮಾಜ ಕೆಲಕಾಲ ಮುಂದೂಡಿ ಯುವಕರಿಗೆ ಹುಡುಕಲು ಬಿಡುವು ಕೊಡಬೇಕು ಎಂಬುದು ಅವರ ಪ್ರತಿಪಾದನೆ. 1966ರಲ್ಲಿ ಜೇಮ್ಸ್ ಮಾರ್ಸಿಯಾ ಅಸ್ಮಿತೆಯನ್ನು ನಾಲ್ಕು ಸ್ಥಿತಿಗಳಾಗಿ ವಿಂಗಡಿಸಿದರು: ಹುಡುಕಾಟವೂ ಬದ್ಧತೆಯೂ ಇಲ್ಲದ ಚದುರಿದ ಸ್ಥಿತಿ, ಹುಡುಕದೆಯೇ ಒಪ್ಪಿಕೊಂಡ ಸ್ಥಿತಿ, ಹುಡುಕಾಟದ ಸ್ಥಿತಿ, ಹುಡುಕಿ ಗಳಿಸಿದ ಸ್ಥಿತಿ.

ನಮ್ಮಲ್ಲಿ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಕೆಲವೇ ದಿನಗಳಲ್ಲಿ ವಿಜ್ಞಾನ, ವಾಣಿಜ್ಯ, ಕಲೆ ಎಂದು ತೀರ್ಮಾನವಾಗಿಬಿಡುತ್ತದೆ. ಶೇಕಡಾವಾರು ಅಂಕ ನೋಡಿ ‘ಪಿಸಿಎಂಬಿ ತಗೊ’ ಎಂದು ಮನೆಯವರು ಹೇಳಿದ್ದನ್ನು ಮಗು ತಲೆಯಾಡಿಸಿ ಒಪ್ಪಿದರೆ, ಅದು ಮಾರ್ಸಿಯಾ ಹೇಳಿದ ಎರಡನೆಯ ಸ್ಥಿತಿ. ಹೊರಗಿನಿಂದ ನೋಡಿದರೆ ಅಲ್ಲಿ ಗೊಂದಲವೇ ಇಲ್ಲ. ಆ ಶಾಂತಿಯನ್ನು ನಾವು ಪ್ರಬುದ್ಧತೆಯೆಂದು ತಪ್ಪು ತಿಳಿಯುತ್ತೇವೆ.

5. ಮತ್ತೆ ಲೋಲಕದ ಮುಂದೆ

ಪ್ರಥಮ ಪಿಯುಸಿಯ ಭೌತಶಾಸ್ತ್ರ ಪ್ರಯೋಗಾಲಯಕ್ಕೆ ಬರೋಣ. ಕನ್ನಡ ಮಾಧ್ಯಮದಿಂದ ಬಂದ ಹುಡುಗಿಯ ಮುಂದೆ ಇರುವುದು ಅದೇ ಲೋಲಕ. ಗುಂಡಿನ ವ್ಯಾಸವನ್ನು ವರ್ನಿಯರ್ ಕ್ಯಾಲಿಪರ್ಸ್‌ನಲ್ಲಿ ಅಳೆದಿದ್ದಾಳೆ, ಇಪ್ಪತ್ತು ಆಂದೋಲನಗಳ ಕಾಲವನ್ನು ಬರೆದುಕೊಂಡಿದ್ದಾಳೆ. ದಾರದ ಉದ್ದವನ್ನಷ್ಟೇ ಬದಲಿಸಬೇಕೆಂದು ಯಾರೂ ಹೇಳಿಕೊಡಬೇಕಿಲ್ಲ. ಆಗ ಉಪನ್ಯಾಸಕರು ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳುತ್ತಾರೆ. ಉತ್ತರ ಅವಳಿಗೆ ಗೊತ್ತು. ಆದರೆ ‘ಸರಳ ಲೋಲಕ’ವೆಂದು ಕಲಿತದ್ದು ಈಗ ‘ಸಿಂಪಲ್ ಪೆಂಡ್ಯುಲಂ’. ವಾಕ್ಯ ತಪ್ಪಿದರೆ ನಕ್ಕಾರು ಎಂಬ ಅಳುಕಿನಲ್ಲಿ ತಲೆತಗ್ಗಿಸುತ್ತಾಳೆ.

ಆ ಒಂದು ನಿಮಿಷದಲ್ಲಿ ಮೂರು ಬೆಳವಣಿಗೆಗಳೂ ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ. ಆಲೋಚನೆ ಮಾಗಿದೆ, ಒಡನಾಟದ ಅಳುಕು ಅದರ ಬಾಯಿ ಕಟ್ಟಿದೆ, ‘ನನಗೆ ವಿಜ್ಞಾನ ಬರುವುದಿಲ್ಲ’ ಎಂಬ ತೀರ್ಪು ಅಸ್ಮಿತೆಯಾಗಿ ಗಟ್ಟಿಯಾಗತೊಡಗಿದೆ. ಭಾಷೆಯ ತೊಡಕನ್ನು ಅವಳು ತನ್ನ ಬುದ್ಧಿಯ ದೋಷವೆಂದು ಓದಿಕೊಳ್ಳುತ್ತಾಳೆ. ಅದೇ ಪ್ರಶ್ನೆಯನ್ನು ಕನ್ನಡದಲ್ಲೂ ಕೇಳಿ, ಕನ್ನಡದಲ್ಲಿ ಬಂದ ಉತ್ತರವನ್ನು ಒಪ್ಪಿ, ಆಮೇಲೆ ಇಂಗ್ಲಿಷ್ ಪದವನ್ನು ಜೋಡಿಸಿಕೊಟ್ಟರೆ ಆ ತೀರ್ಪು ಹುಟ್ಟುವುದೇ ಇಲ್ಲ.

ಬಿಡುವು ಸಿಕ್ಕ ಹದಿಹರೆಯ ಏನಾಗಬಲ್ಲದು ಎಂಬುದಕ್ಕೆ ಕುವೆಂಪು ನಮ್ಮ ನಡುವಿನ ನಿದರ್ಶನ. ಮೈಸೂರಿನಲ್ಲಿ ಓದುತ್ತಿದ್ದ ಅವರು ಮೊದಲು ಇಂಗ್ಲಿಷಿನಲ್ಲಿ ಕವಿತೆ ಬರೆದು, 1922ರಲ್ಲಿ ‘ಬಿಗಿನರ್ಸ್ ಮ್ಯೂಸ್’ ಪ್ರಕಟಿಸಿದರು. 1924ರಲ್ಲಿ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಅವರನ್ನು ಭೇಟಿಯಾದಾಗ, ಕನ್ನಡದಲ್ಲಿ ಬರೆಯುವಂತೆ ಕಸಿನ್ಸ್ ಸಲಹೆ ಕೊಟ್ಟರು. ಆಗ ಕುವೆಂಪು ಅವರಿಗೆ ಹತ್ತೊಂಬತ್ತು. ಇಂಗ್ಲಿಷಿನಲ್ಲಿ ಕಳೆದ ವರ್ಷಗಳು ವ್ಯರ್ಥವಾಗಲಿಲ್ಲ. ಅವು ಹುಡುಕಾಟದ ವರ್ಷಗಳು. ಹಿರಿಯರೊಬ್ಬರು ದಾರಿ ತೋರಿಸಿದರು, ನಡೆದವರು ತರುಣ ಕವಿಯೇ.

6. ಉಪಸಂಹಾರ

ಮಗ ಹದಿನಾರು ತುಂಬಿದಾಗ ಅವನನ್ನು ಗೆಳೆಯನಂತೆ ಕಾಣಬೇಕೆಂಬ ಹಳೆಯ ಮಾತು ನಮ್ಮಲ್ಲಿದೆ. ಅದನ್ನು ಮಗಳಿಗೂ ಅನ್ವಯಿಸಿ, ಮನೆಯಿಂದ ಪ್ರಯೋಗಾಲಯದವರೆಗೂ ಒಯ್ಯಬೇಕಾಗಿದೆ. ಗೆಳೆಯನ ಗೊಂದಲವನ್ನು ನಾವು ಗದರುವುದಿಲ್ಲ. ಪಕ್ಕದಲ್ಲಿ ಕೂತು ಕೇಳುತ್ತೇವೆ. ಪಿಯುಸಿಯ ಮೊದಲ ತಿಂಗಳುಗಳಲ್ಲಿ ಎರಡೂ ಭಾಷೆಗಳಲ್ಲಿ ಪಾಠ, ವಿಷಯ ಬದಲಿಸಿಕೊಳ್ಳಲು ಮುಜುಗರವಿಲ್ಲದ ಅವಕಾಶ, ಅಂಕದಾಚೆಗಿನ ಜಾಣ್ಮೆಗೆ ಮನ್ನಣೆ: ಇವು ಯಾವುವೂ ದುಬಾರಿಯಲ್ಲ. ತಲೆತಗ್ಗಿಸಿ ನಿಂತ ಆ ಹುಡುಗಿಗೆ ಉತ್ತರ ಗೊತ್ತಿದೆ. ಅದನ್ನು ಹೇಳುವಷ್ಟು ಹೊತ್ತು ನಾವು ಕಾಯಬೇಕು.